ಕಾಯ್ದೆ ಬ್ಯಾಡ ಅಂದಿಲ್ಲ

ತೊಂಬತ್ತೆಂಟರ ದೀಪಾವಳಿ ಕಳೆದ ವಾರ, ಸುರೇಬಾನದಿಂದ ತಮ್ಮ ನಿಜಗುಣಪ್ಪ ಬಂದು ಪಡಸಾಲೆಯಲ್ಲಿ ಕುಳಿತಾಗ ರಾಚವ್ವ ಹಿಗ್ಗಲಿಲ್ಲ. ತಮ್ಮ ಬಂದರೆ ಹಿಗ್ಗುವ ಜೀವ ಅದು. ಆದರೆ ಅವನು ಬಂದದ್ದು ಅವಳ ಮಗಳು ಮಧುವನ್ನು ತನ್ನ ಮಗ ಶ್ರೀಶೈಲನಿಗೆ ಕೇಳಲು.

ಕೊಟ್ಟು ತಂದು ಮಾಡುವುದು ಆ ಎರಡು ಮನೆಗಳಿಗೆ ಹೊಸದಲ್ಲ. ನಿಜಗುಣಪ್ಪನ ಮಗಳು ರಾಜೇಶ್ವರಿಯ ಹೆಸರಿಡುವ ದಿನ, ಸೋದರತ್ತೆಯಾಗಿ ಕೂಸಿನ ಕಿವಿಯಲ್ಲಿ ಹೆಸರು ಹೇಳಿದವಳು ರಾಚವ್ವನೇ. ಹೆಂಗಸರೆಲ್ಲ ಪದ್ಧತಿಯಂತೆ ನಗುತ್ತ ಅವಳ ಬೆನ್ನಿಗೆ ಗುದ್ದುವಾಗ, "ಎಷ್ಟರ ಗುದ್ದರಿ, ಇಕಿ ನನ್ನ ಸೊಸಿ" ಎಂದು ಸಾರಿಬಿಟ್ಟಿದ್ದಳು. ಹಾಗೇ ಆಯಿತು. ರಾಜೇಶ್ವರಿ ಸಂಪಗಾಂವದ ಈ ಮನೆಗೆ ಬಂದು ರಾಚವ್ವನ ಮಗ ಬಸವಲಿಂಗನ ಕೈ ಹಿಡಿದಳು. ಎರಡು ಸಲ ಹಡೆದಳು. ಎರಡೂ ಕೂಸುಗಳು ಕತ್ತು ನಿಲ್ಲುವ ಮೊದಲೇ ಹೋದವು. ಒಂದೇ ರಕ್ತದಲ್ಲಿ ಸಂಬಂಧ ಬೆಳೆಸಿದ್ದರಿಂದ ಬಂದ ರೋಗ ಎಂದರು ಬೆಳಗಾವಿಯ ಡಾಕ್ಟರು. ಆ ಮಾತು ಇಂದಿಗೂ ರಾಚವ್ವನ ಕರುಳು ಕೊರೆಯುತ್ತಿತ್ತು.

"ಮಧುನ್ನ ಕೊಡಾಂಗಿಲ್ಲ, ತಮ್ಮಾ," ಎಂದಳು.

"ರಾಮದುರ್ಗದಾಗ ವಕೀಲರನ್ನ ಕೇಳೇ ಬಂದೇನಿ. ರೂಢಿ ಇದ್ದವರಿಗೆ ಕಾಯ್ದೆ ಬ್ಯಾಡ ಅಂದಿಲ್ಲ. ನೀ ಯಾರಕ್ಕಾ ಬ್ಯಾಡ ಅನ್ನಾಕಿ?"

ಅವಳ ಸಂಕಟವೂ ಅದೇ. ಹದಿನೆಂಟು ತುಂಬದೆ ಹುಡುಗಿಯ ಲಗ್ನ ಮಾಡಬೇಡಿ ಎನ್ನುವ ಸರಕಾರಕ್ಕೆ ಇದೊಂದು ಮಾತು ಹೇಳಲು ಬಾಯಿ ಬಿದ್ದುಹೋಗಿತ್ತೇ? ಹೇಳಿದ್ದರೆ ಅಕ್ಕ ತಮ್ಮ ಇಬ್ಬರೂ ಆ ಸರಕಾರವನ್ನೇ ಬೈದುಕೊಂಡು ಜೊತೆಗೆ ಕೂತು ಉಣ್ಣಬಹುದಿತ್ತು. ಈಗ ತವರಿನ ಬಾಗಿಲನ್ನು ಅವಳೇ ಮುಚ್ಚಿಕೊಳ್ಳಬೇಕು.

"ಕಾಯ್ದೆ ಅನ್ನಲಿಲ್ಲಂದ್ರ ನಾನರ ಅನಬೇಕಲ್ಲೋ," ಎಂದಳು ರಾಚವ್ವ.

ನಿಜಗುಣಪ್ಪನ ಮುಖ ಕಪ್ಪಿಟ್ಟಿತು. "ನಿನ್ನ ಮಗಳು ನನ್ನ ಮನಿಗೆ ಬರಬಾರದು ಅಂದ್ರ, ನನ್ನ ಮಗಳಿಗೆ ಈ ಮನ್ಯಾಗೇನ ಕೆಲಸ? ರಾಜೇಶ್ವರಿ, ಗಂಟು ಕಟ್ಟು. ನಡಿ ಊರಿಗೆ."

ಹೋಗಬೇಡ ಎಂದು ಸೊಸೆಯನ್ನು ತಡೆಯಲು ರಾಚವ್ವನಿಗೆ ಯಾವ ಮುಖವಿತ್ತು? ಈ ಮನೆಗೆ ಬಂದು ಆ ಹುಡುಗಿ ಕಂಡ ಸುಖವಾದರೂ ಏನು?

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ರಾಜೇಶ್ವರಿ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದಳು. ಅಳಲಿಲ್ಲ.

"ಮಧುನ್ನ ಕೇಳಬ್ಯಾಡಪ್ಪಾ, ಅತ್ತಿ ಅಂದಿದ್ದು ಖರೆ ಐತಿ. ನಾ ಹೆಂಗ ಬರಲಿ? ನನ್ನ ಕೂಸುಗಳು ಎರಡೂ ಇಲ್ಲೇ ಹೊಲದಾಗ ಅದಾವ."

ನಿಜಗುಣಪ್ಪ ಅಕ್ಕ ತಂದಿಟ್ಟ ನೀರನ್ನೂ ಮುಟ್ಟದೆ ಒಬ್ಬನೇ ಬಸ್ಸಿಗೆ ನಡೆದ. ಆಮೇಲೆ ಅವನು ಆ ಮನೆಗೆ ಬರಲಿಲ್ಲ.