ಹದಿನೇಳನೆಯ ಸಾಲು

ನೀಲಕಂಠ ಕೈಗೆ ಸಿಕ್ಕಿದ್ದರೆ ರೇಣಮ್ಮ ಅವನಿಗೆ ಚಳಿ ಬಿಡಿಸುತ್ತಿದ್ದಳು. ಶಹಾಪುರದ ಕಡೆಯ ಒಂದು ನೀರು ಬಳಕೆದಾರರ ಸಂಘದಲ್ಲಿ ಆಕೆ ಹೊಸ ಕ್ಲರ್ಕು. ಕಾಲುವೆ ನೀರಿನ ಪಾಳಿ ಯಾರಿಗೆ, ಯಾವ ಹೊತ್ತಿಗೆ ಎಂಬುದು ಸಂಘದ ವೆಬ್ ಪುಟದಲ್ಲಿ ಬರುತ್ತಿತ್ತು. ಅದರ ಎಚ್‌ಟಿಎಂಎಲ್ ಬರೆದ ಹಳೆಯ ಕ್ಲರ್ಕು ನೀಲಕಂಠ ಬೇರೆ ನೌಕರಿ ಹಿಡಿದು ಯಾದಗಿರಿಗೆ ಹೋಗಿದ್ದ. ಪುಣ್ಯಾತ್ಮ ಹೊತ್ತಿಗೊಂದು ಟೇಬಲ್ಲು, ಹೆಸರಿಗೊಂದು ಟೇಬಲ್ಲು ಮಾಡಿದ್ದ. ತೆರೆದ ಟ್ಯಾಗು ಮುಚ್ಚಿರಲಿಲ್ಲ. ಹೊಸ ಪಟ್ಟಿ ಹಾಕಿದ್ದೇ ತಡ, ಹದಿನಾರನೆಯ ಹೆಸರಿನ ಕೆಳಗೆ ಎಲ್ಲ ಕಲಸುಮೇಲೋಗರ.

ಬೆಳಗಿನಿಂದ ತಲೆ ಕೆಡಿಸಿಕೊಂಡ ಮೇಲೆ ಹದಿನೇಳನೆಯ ಸಾಲು ಸಿಕ್ಕಿತು. ಪುಟದಲ್ಲಿ ಅದು ಖಾಲಿ. ಕೋಡಿನಲ್ಲಿ ತಿಮ್ಮಣ್ಣನ ಹೆಸರಿತ್ತು, ಅಕ್ಷರಕ್ಕೆ ಬಿಳಿ ಬಣ್ಣ ಕೊಟ್ಟಿತ್ತು. ತಿಮ್ಮಣ್ಣ ತೀರಿಕೊಂಡು ಎಂಟು ತಿಂಗಳು. ಕಸವೆಂದು ಅಳಿಸಿದಳು. ಪಟ್ಟಿ ನೆಟ್ಟಗಾಯಿತು. ರೇಣಮ್ಮ ಚಹಾ ತರಿಸಿ ಕುಡಿದಳು.

ಎರಡು ಗಂಟೆಗೆ ತಿಮ್ಮಣ್ಣನ ಹೆಂಡತಿ ದೇವಕಮ್ಮನ ಫೋನು.

"ಯವ್ವಾ, ನನ್ನ ಪಾಳಿ ನೀರು ನಿಮ್ಮಪ್ಪನ ಗದ್ದ್ಯಾಗ ಹರಿಯಾಕತ್ತಾವ. ನೆಲ್ಲು ತೆನಿ ಬಿಡಾಕತ್ತದ. ನಾಕಕ್ಕ ನೀರು ಮ್ಯಾಲಿನ ಊರಿಗಿ ಹೋಗ್ತಾವ. ಮತ್ತ ಹದಿನೈದು ದಿನ ಬರಲ್ಲ, ಎಲ್ಲಾ ಜೊಳ್ಳಾಗ್ತದ."

"ಪಟ್ಟ್ಯಾಗ ನಿಮ್ಮ ಹೆಸರಿಲ್ಲಲ್ರಿ ಅಕ್ಕಾ."

"ಖಾಲಿ ಸಾಲಿತ್ತಲ್ಲ, ಅದೇ ನಂದು. ಪಾಳಿ ಇನ್ನ ಅವರ ಹೆಸರಿಲೇ ಅದ. ಆ ಹೆಸರು ಕಂಡರ ಅಳ್ತೀನಂತ ನೀಲಕಂಠ ಕಾಣದಂಗ ಮಾಡಿಕೊಟ್ಟಿದ್ದ. ಕಾಲುವಿ ಗೇಟು ತೆಗಿಯೋ ವಹಾಬಗೂ ಗೊತ್ತದ."

ರೇಣಮ್ಮ ಪಟ್ಟಿ ತೆರೆದು ನೋಡಿದಳು. ಒಂದು ಸಾಲು ಹೋದದ್ದಕ್ಕೆ ಕೆಳಗಿನ ಹೆಸರುಗಳೆಲ್ಲ ಮೇಲೇರಿ, ಹದಿನೈದು ದಿನದ ಮೇಲಿನ ಅಪ್ಪನ ಪಾಳಿ ಇವತ್ತಿಗೆ ಬಂದು ಕೂತಿತ್ತು. ವಹಾಬನಿಗೆ ಫೋನು ಮಾಡಿದಳು.

"ಖಾಲಿ ಸಾಲು ಹೋಗಿತ್ರಿ, ಅಕ್ಕ ಈ ಸಲ ಪಾಳಿ ಬಿಟ್ಟಾಳಂತ ತಿಳ್ಕೊಂಡೆ," ಎಂದ ಅವನು. "ಬಾಯಿ ಮಾತಿಗಿ ಗೇಟ ಮುಟ್ಟಬಾರದಂತ ಸಂಘದ ಠರಾವದ. ಪೇಜಿನ್ಯಾಗ ಬರ್ಲಿ, ತಿರುಗಿಸ್ತೀನಿ."

ಅಪ್ಪ ಬಸವಂತರಾಯನಿಗೆ ಫೋನು ಮಾಡಿ, ನೀರು ಬಿಟ್ಟುಕೊಡೆಂದು ಬೇಡಿಕೊಂಡಳು. "ಪಾಳಿ ಪ್ರಕಾರ ಬಂದಾವ, ಸುಮ್ನ ಕೂಡು," ಎಂದು ಅವನು ಫೋನು ಇಟ್ಟ.

ಸಾಲನ್ನು ಮತ್ತೆ ಸೇರಿಸಿದಳು. ಪುಟ ಕುಸಿಯಿತು. ಒಂದು ಟ್ಯಾಗು ಮುಚ್ಚಿದರೆ ನಾಲ್ಕು ಹೆಸರು ಒಂದರ ಮೇಲೊಂದು ಬಿದ್ದವು, ಅದನ್ನು ತೆಗೆದರೆ ಪಟ್ಟಿಯೇ ಮೂಲೆಗೆ ಓಡಿತು. ಮೂರು ಗಂಟೆಯಾಯಿತು. ತಪ್ಪಿನ ಮೇಲೆ ತಪ್ಪು. ಒಬ್ಬ ವಿಧವೆಯ ಅನ್ನ ನನ್ನ ಕೈಯಿಂದ ಹೋಯಿತಲ್ಲ ಎಂದು ರೇಣಮ್ಮ ಕೀಬೋರ್ಡಿನ ಮೇಲೆ ತಲೆಯಿಟ್ಟು ಬಿಕ್ಕಿ ಬಿಕ್ಕಿ ಅತ್ತಳು.

ಮೂರೂಕಾಲಿಗೆ ಮುಖ ಒರೆಸಿಕೊಂಡು ಇಡೀ ಕೋಡನ್ನೇ ಅಳಿಸಿದಳು. ಬರಿದಾದ ಪುಟದಲ್ಲಿ ಯಾವ ಟ್ಯಾಗೂ ಇಲ್ಲದೆ ಬರೆದಳು: ಈಗಿನ ನೀರು ದೇವಕಮ್ಮನ ಗದ್ದೆಗೆ. ಬಸವಂತರಾಯನ ಪಾಳಿ ಇವತ್ತಲ್ಲ. ತಪ್ಪು ಕ್ಲರ್ಕು ರೇಣಮ್ಮನದು.

ಹತ್ತು ನಿಮಿಷಕ್ಕೆ ಅಪ್ಪನ ಫೋನು ಬಂತು.

"ನೀರು ನಿಂತಾವ. ಊರ ಮಂದಿ ನನ್ನ ಹೆಸರು ಓದಿ ನಗಾಕತ್ತದ. ಯಾರು ಬರದ್ರು ಅದನ್ನ?"

"ನಾನೇ ಬರದೀನಿ ಯಪ್ಪಾ."



"ಹಂಗಾದ್ರ ಸಂಜಿ ಊಟಕ್ಕ ಆ ದೇವಕಮ್ಮನ ಮನಿಗೇ ಹೋಗು."