ಪೆಟ್ಟಿಗೆಯ ಮೂಗಿಗೆ ಅತ್ತೆಯ ಸೀರೆ

ನಮ್ಮತ್ತೆ ಬೈದ್ರೆ ಮೂರು ಬೀದಿ ಆಚೆ ನಾಯಿಗಳು ಬಾಲ ಮುದುರ್ಕೋತಿದ್ವು. ಅಂಥಾ ಬಾಯಿಗೆ ಉಸಿರೇ ಸಾಲದಂಗಾಯ್ತು. ಬೀದಿ ಕೊನೇಲಿ ಹಳೇ ಬ್ಯಾಟರಿ ಕರಗಿಸೋ ಶೆಡ್ಡು. ಅದರ ಹೊಗೆಗೆ, ಬೆಳಗ್ಗೆ ಹೊರಗೆ ಹೋದ ಬಿಳಿ ಕೋಳಿ ಸಂಜೆ ಕಾಗೆಯಾಗಿ ಬರ್ತಿತ್ತು.

"ಈ ಹೊಗೆ ನಿಲ್ಲದಿದ್ರೆ ಅಜ್ಜಿ ಚಳಿಗಾಲ ದಾಟಲ್ಲ," ಅಂದ್ಬಿಟ್ರು ಡಾಕ್ಟ್ರು.

ಗಾಳಿ ಅಳೆಯೋ ಆಫೀಸಿಗೆ ಓಡಿದ್ವಿ. ಊರಿಗೆಲ್ಲಾ ಇದ್ದಿದ್ದು ಗಾಳಿ ಅಳೆಯೋ ಒಂದೇ ಪೆಟ್ಟಿಗೆ, ಅದೂ ಗುಡ್ಡದ ಮೇಲಿನ ಬಂಗಲೆಗಳ ಪಾರ್ಕಲ್ಲಿ, ಗುಲಾಬಿ ಗಿಡದ ಪಕ್ಕ.

"ಊರ ಗಾಳಿ ಚೆನ್ನಾಗೇ ಇದೆಯಲ್ಲಮ್ಮಾ," ಅಂದ್ರು ಸಾಹೇಬ್ರು.

"ಗುಲಾಬಿ ಉಸಿರಾಡೋದನ್ನ ಅಳೀತೀರ. ನಮ್ಮಮ್ಮಂದೂ ಒಂಚೂರು ಅಳೀರಿ ಸ್ವಾಮಿ," ಅಂತ ನನ್ನ ಹೆಂಡ್ತಿ ಬಾಗಿಲಲ್ಲೇ ಕೂತ್ಬಿಟ್ಲು.

ಕಾಟ ತಡೀಲಾರದೆ ನಮ್ಮನೆ ಗೋಡೆಗೂ ಒಂದು ಪೆಟ್ಟಿಗೆ ಬಡಿದ್ರು. "ಇದು ಗಾಳಿ ಕೆಟ್ಟಿದೆ ಅಂದ್ರೆ ಶೆಡ್ಡಿಗೆ ಬೀಗ," ಅಂದ್ರು ಸಾಹೇಬ್ರು.

ಅತ್ತೆಗೋ ಪೆಟ್ಟಿಗೆ ಮೇಲೆ ಮೊಮ್ಮಗನ ಮೇಲಿನಷ್ಟು ಅಕ್ಕರೆ. "ಪಾಪ, ಮೂಗೊಳಗೆ ಮಸಿ ಹೋಗ್ತಿದೆ," ಅಂತ ಹಳೇ ಸೀರೆ ಹರಿದು, ನಾಲ್ಕು ಮಡಿಕೆ ಮಾಡಿ, ಅದಕ್ಕೆ ಬಿಗಿಯಾಗಿ ಸುತ್ತಿದ್ಲು. ಸರ್ಕಾರಿ ಸಾಮಾನು ಜೋಪಾನವಾಗಿರ್ಲಿ ಅಂತ ನಾವೂ ಸುಮ್ನಿದ್ವಿ.

ತಗೊಳ್ಳಪ್ಪಾ! ಊರಲ್ಲೇ ಅತೀ ಶುದ್ಧ ಗಾಳಿ ನಮ್ಮ ಬೀದೀದು ಅಂತ ಪೇಪರಲ್ಲಿ ಬಂತು. ಮಾರನೇ ಬೆಳಗ್ಗೆ ಬಂಗಲೆಯೋರೆಲ್ಲಾ ವಾಕಿಂಗಿಗೆ ಇಲ್ಲೇ ಹಾಜರು. ನಿವೃತ್ತ ಜಡ್ಜು ಒಬ್ರು ಎದೆ ಉಬ್ಬಿಸಿ ಗಾಳಿ ಎಳ್ಕೊಂಡ್ರು ನೋಡಿ, ಕೆಮ್ಮಿದ ಹೊಡೆತಕ್ಕೆ ಹಲ್ಲಿನ ಸೆಟ್ಟು ಹಾರಿ ಶೆಡ್ಡಿನ ತಗಡಿಗೆ ಟಣ್ ಅಂತ ಬಡೀತು!

ನಾವು ವರ್ಷಗಟ್ಟಲೆ ಕೆಮ್ಮಿದ್ರೂ ಬರದ ಸಾಹೇಬ್ರು, ಅವರೊಂದು ಕೆಮ್ಮಿಗೆ ಚಪ್ಪಲಿ ಹಾಕೋದೂ ಮರೆತು ಓಡ್ಬಂದ್ರು.

"ಯಾರ್ರೀ ಇದಕ್ಕೆ ಬಟ್ಟೆ ಸುತ್ತಿದ್ದು?"

"ನಾನೇ ಕಣಪ್ಪಾ," ಅತ್ತೆ ಏದುಸಿರು ಬಿಟ್ಲು. "ನಿನ್ನ ಪೆಟ್ಟಿಗೆ ಸೂಕ್ಷ್ಮ. ಈ ಹೊಗೆ ತಡ್ಕೊಳ್ಳುತ್ತಾ?"

ಬಿಚ್ಚಿದ್ರು. ಹಳದಿ ಸೀರೆ ಬಾಣಲಿ ತಳದಂಗೆ ಕಪ್ಪಾಗಿತ್ತು. ಪೆಟ್ಟಿಗೆ ಬಾಯಿ ಬಿಟ್ಟಿದ್ದೇ ಕೆಂಪು ದೀಪ ಹಾಕ್ಕೊಂಡು ಕಿರುಚೋಕೆ ಶುರು. ಜಡ್ಜು ಬೊಚ್ಚು ಬಾಯಲ್ಲೇ ಗುಡುಗಿದ್ರು, ಸಂಜೆಯೊಳಗೆ ಶೆಡ್ಡಿಗೆ ಬೀಗ ಬಿತ್ತು.

ಚಳಿಗಾಲವೂ ದಾಟ್ತು. ಅತ್ತೆಗೆ ಉಸಿರು ಪೂರ್ತಿ ವಾಪಸ್ ಬಂತು. ಮೊದಲ ತುಂಬುಸಿರು ಎಳ್ಕೊಂಡಿದ್ದೇ ನನ್ನ ಕಡೆ ತಿರುಗಿ, "ಲೋ ಸೋಂಬೇರಿ, ನನ್ನ ಸೀರೆ ಒಗೆಯೋರ್ಯಾರೋ?" ಅಂದ್ಲು. ಬೀದಿ ನಾಯಿಗಳೆಲ್ಲಾ ಬಾಲ ಮುದುರ್ಕೊಂಡ್ವು. ನಾನೂ ಬಕೆಟ್ ಎತ್ಕೊಂಡೆ.