ಬಟ್ಟೆ ಒಗೆಯುವ ಸೈಕಲ್ಲು

ಸೈಕಲ್ ರಿಪೇರಿಯವನ ಅಕ್ಕನಿಗೆ ಬಲಗೈ ಮಣಿಕಟ್ಟು ಬಾತುಕೊಂಡು ಮೂರು ತಿಂಗಳಾಗಿತ್ತು. ಲಾಡ್ಜಿನ ಹಾಸಿಗೆ ಬಟ್ಟೆಗಳನ್ನು ಇಪ್ಪತ್ತಾರು ವರ್ಷ ಕಲ್ಲಿಗೆ ಬಡಿದು ಒಗೆದ ಕೈ ಅದು. ಡಾಕ್ಟರು, “ಇನ್ನು ಬಡಿಯೋದೂ ಬೇಡ, ಹಿಂಡೋದೂ ಬೇಡ” ಎಂದಿದ್ದರು. ಹೂಂಗುಟ್ಟಿ ಬಂದವಳು ಮರುದಿನವೇ ಕೈಗೆ ಪಟ್ಟಿ ಬಿಗಿದುಕೊಂಡು ಕಲ್ಲಿನ ಮುಂದೆ ನಿಂತಳು.

“ವಾಷಿಂಗ್ ಮಿಷನ್ ತರೋಣ ಅಕ್ಕ,” ಎಂದ ತಮ್ಮ.

“ನೀರು ಬರೋ ಹೊತ್ತಿಗೆ ಕರೆಂಟ್ ಇರಲ್ಲ, ಕರೆಂಟ್ ಇದ್ದಾಗ ನೀರಿರಲ್ಲ. ಎರಡನ್ನೂ ಒಂದೇ ಹಸೆಮಣೆ ಮೇಲೆ ಕೂರಿಸೋರು ಯಾರು?”

ತಮ್ಮ ಗುಜರಿಯಿಂದ ಎಣ್ಣೆ ತುಂಬುವ ನೀಲಿ ಡ್ರಮ್ಮೊಂದನ್ನು ತಂದ. ಅದನ್ನು ಅಡ್ಡ ಮಲಗಿಸಿ, ಹೊಟ್ಟೆಗೆ ಬಾಗಿಲು ಕೊರೆದು, ನೀರು ಸೋರದಂತೆ ಹಳೆ ಟ್ಯೂಬಿನ ರಬ್ಬರು ಸುತ್ತಿದ. ಮುರಿದ ಸೈಕಲ್ಲಿನ ಪೆಡಲು, ಚೈನು, ಸೀಟು ಜೋಡಿಸಿದ. ಎರಡು ವಾರ ಅಂಗಡಿಯ ಹಿಂದೆ, ಯಾರಿಗೂ ಹೇಳದೆ.

ಹಿತ್ತಲಿಗೆ ತಂದ ದಿನ ಅವನ ಕಾಲು ನೆಲದ ಮೇಲಿರಲಿಲ್ಲ. ಎಂಟು ಹಾಸಿಗೆ ಬಟ್ಟೆ, ನೀರು, ಸೋಪಿನ ಪುಡಿ ಹಾಕಿ ತಾನೇ ಹತ್ತಿ ಕೂತು ಜೋರಾಗಿ ತುಳಿದ. ಡ್ರಮ್ಮು ಬುಗುರಿಯಂತೆ ಸುತ್ತಿತು. ಬಾಗಿಲು ತೆರೆದರೆ ಎಂಟೂ ಹೊಸೆದುಕೊಂಡು ಒಂದೇ ಹಗ್ಗವಾಗಿದ್ದವು. ಒಂದು ಬಟ್ಟೆ ಬಾಗಿಲಿನ ಬೋಲ್ಟಿಗೆ ಸಿಕ್ಕಿ ಉದ್ದಕ್ಕೂ ಹರಿದಿತ್ತು. ಕೊಳೆ ಮಾತ್ರ ಇದ್ದಲ್ಲೇ ಇತ್ತು.

“ಒಗೆಯೋಕೆ ಕೊಟ್ರೆ ಜಡೆ ಹೆಣೆದು ಕೊಟ್ಟಿದೀಯಲ್ಲೋ!” ಎಂದಳು ಅಕ್ಕ. ಬೈದಿದ್ದು ಅಷ್ಟೇ. ಸಂಜೆ ಲಾಡ್ಜಿಗೆ ತಾನೇ ಹೋಗಿ, “ನನ್ನ ಕೈಯಿಂದ ಹರೀತು,” ಎಂದು ಮ್ಯಾನೇಜರಿಗೆ ಹೇಳಿ ಬಂದಳು. ಆ ಮನುಷ್ಯ ಅವಳನ್ನು ಗದರಿಸಿದಾಗ ಜೊತೆಗೆ ಹೋಗಿದ್ದ ತಮ್ಮನ ಮುಖ ಸಣ್ಣದಾಯಿತು.

ಬೆಳಿಗ್ಗೆ ಅವನು ಸ್ಪ್ಯಾನರ್ ಹಿಡಿದು ಡ್ರಮ್ಮನ್ನು ಬಿಚ್ಚತೊಡಗಿದ್ದ. ಅಕ್ಕ ಬಂದು ಎದುರಿಗೆ ಕೂತಳು.

“ಇದನ್ನ ಮಾಡೋವಾಗ ನನ್ನ ಒಂದು ಮಾತು ಕೇಳಿದ್ಯಾ?”

“ಹೇಳದೆ ತಂದ್ರೆ ನಿಂಗೆ ಖುಷಿ ಆಗತ್ತೆ ಅಂದ್ಕೊಂಡೆ.”

“ಖುಷಿ ನಿಂಗಾಯ್ತು ಬಿಡು. ಇಲ್ನೋಡು.” ಎಡಗೈಯಲ್ಲಿ ಒದ್ದೆ ಬಟ್ಟೆಯೊಂದನ್ನು ಎತ್ತಿ ಕಲ್ಲಿನ ಮೇಲೆ ಬಿಟ್ಟಳು. ದಪ್ಪೆಂದಿತು. ಮತ್ತೆ ಎತ್ತಿದಳು, ಬಿಟ್ಟಳು. “ಸುತ್ತಿದ್ರೆ ಕೊಳೆ ಹೋಗಲ್ಲ ಕಣೋ. ಬಟ್ಟೆ ಏಳ್ಬೇಕು, ಬೀಳ್ಬೇಕು. ಬಿದ್ದಾಗ ಬಿಡೋದು ಕೊಳೆ.”

ಹುಟ್ಟಿದಾಗಿನಿಂದ ಆ ಸದ್ದು ಅವನ ಕಿವಿಯಲ್ಲಿತ್ತು. ಅಕ್ಕ ಒಗೆಯುವುದನ್ನು ನಿಂತು ನೋಡಿದ್ದು ಮಾತ್ರ ಅದೇ ಮೊದಲು.

ಆಮೇಲೆ ಇಬ್ಬರೂ ಕೂತರು. ಬಟ್ಟೆಯನ್ನು ಮೇಲಕ್ಕೆ ಹೊತ್ತೊಯ್ದು ಕೆಡವಲೆಂದು ಮುರಿದ ಮಂಚದ ಮೂರು ಪಟ್ಟಿಗಳನ್ನು ಉಜ್ಜಿ ನುಣುಪು ಮಾಡಿ ಡ್ರಮ್ಮಿನೊಳಗೆ ಕೂರಿಸಿದರು. ವೇಗ ತಗ್ಗಲೆಂದು ಪೆಡಲಿಗೆ ಚಿಕ್ಕ ಹಲ್ಲುಚಕ್ರ, ಡ್ರಮ್ಮಿಗೆ ದೊಡ್ಡದು ಬಂತು. ಬೋಲ್ಟುಗಳ ತಲೆಗೆ ರಬ್ಬರು ಟೋಪಿ. “ಈ ಸೀಟ್ ಮೇಲೆ ನಾನು ಕೂರಲ್ಲಪ್ಪ,” ಎಂದು ಅಕ್ಕ ಹಟ ಹಿಡಿದದ್ದಕ್ಕೆ ಬೆನ್ನಿರುವ ಹಳೆ ಕುರ್ಚಿಯೊಂದು ಅಲ್ಲಿ ಬಂದು ಕೂತಿತು. ಹಿಂಡುವಂತಿರಲಿಲ್ಲವಲ್ಲ, ನೇತುಹಾಕಿದ, ತೊಟ್ಟಿಕ್ಕುವ ಬಟ್ಟೆಗಳ ಕೆಳಗೆ ಸೀಳಿದ ಪೈಪು ಇಟ್ಟು, ಆ ನೀರು ಮುಂದಿನ ಒಗೆತಕ್ಕೆ ತೊಟ್ಟಿ ಸೇರುವಂತೆ ಮಾಡಿದ್ದು ಅಕ್ಕನದೇ ಯೋಚನೆ.

ತುಳಿಯುತ್ತಾ ಅಕ್ಕ ಡ್ರಮ್ಮಿಗೆ ಕಿವಿಗೊಟ್ಟಳು. “ಇನ್ನೂ ನಿಧಾನ ಬೇಕು... ಹಾಂ. ಈಗ ಬೀಳ್ತಿದೆ.” ಒಳಗಿಂದ ದಪ್, ದಪ್ ಎಂದು ಕೇಳಿತು.

ಎಲ್ಲ ಕಲೆಯೂ ಹೋಗಲಿಲ್ಲ. ಹಟಮಾರಿ ಕಲೆಗಳಿಗೆ ಹಿಂದಿನ ದಿನವೇ ನೆನೆಸಿಡಬೇಕಾಯಿತು. ಮಣಿಕಟ್ಟೂ ಪೂರ್ತಿ ಮೊದಲಿನಂತಾಗಲಿಲ್ಲ. ಆದರೆ ಬಾವು ಇಳಿಯಿತು, ಅನ್ನ ಕಲಸುವಾಗ ಅಕ್ಕ ಮುಖ ಹಿಂಡುವುದು ನಿಂತಿತು.

ತಿಂಗಳೆರಡು ಕಳೆದ ಮೇಲೆ ಪಕ್ಕದ ಬೀದಿಯ ಬಣ್ಣ ಅದ್ದುವವಳು ಬಂದು ಡ್ರಮ್ಮಿನ ಸುತ್ತ ಸುತ್ತಾಡಿ, “ನೂಲಿಗೆ ಬಣ್ಣ ಹಾಕೋಕೂ ಇಂಥದ್ದೊಂದು ಮಾಡಿಕೊಡ್ತೀರಾ?” ಎಂದಳು. ಡ್ರಮ್ಮು ಎಲ್ಲಿ ಸಿಗುತ್ತದೆಂಬ ಲೆಕ್ಕಾಚಾರ ಆಗಲೇ ತಮ್ಮನ ತಲೆಯಲ್ಲಿ ಓಡತೊಡಗಿತ್ತು. ಅವನು ಅದನ್ನು ಅಲ್ಲಿಗೇ ತಡೆದ.

“ನಾಳೆ ನಿಮ್ಮ ಮನೆಗೆ ಬರ್ತೀನಿ,” ಎಂದ. “ನೀವು ನಿಮ್ಮ ಪಾಡಿಗೆ ಕೆಲಸ ಮಾಡ್ತಿರಿ. ನಾನು ಒಂದು ಮೂಲೇಲಿ ಕೂತು ನೋಡ್ತೀನಿ.”